ಹುಲ್ಲು ಹೊಡೆಯೋ ಮಿಷನ್ನು

ಮೈಸೂರಿನ ಹಾಸ್ಟೆಲಿನಲ್ಲಿ ನಾಲ್ಕನೇ ಅಧ್ಯಾಯದ ಅಡಿಟಿಪ್ಪಣಿ ಸರಿಮಾಡುತ್ತ ಕೂತಿದ್ದ ಒಂದು ಸಂಜೆ ಅಪ್ಪನ ಫೋನು ಬಂತು. ಅಪ್ಪ ಫೋನಿನಲ್ಲಿ ಮಾತಾಡುವುದು ಸಾಮಾನ್ಯವಾಗಿ ಮೂರೇ ವಿಷಯ: ಮಳೆ, ಕೊಬ್ಬರಿ ರೇಟು, ನನ್ನ ಊಟ. ಅವತ್ತು ಮೂರನ್ನೂ ಬಿಟ್ಟು, "ಏನವ್ವ, ಫ್ಲೇಲ್ ಮೋವರ್ ಅಂದ್ರೆ ಏನು ಅಂತ ಸೊಲ್ಪ ಓದಿ ಹೇಳು. ಎಲ್ಲಾ ಇಂಗ್ಲಿಷಲ್ಲೇ ಬರ್ದವ್ರೆ" ಅಂದ.

ನನ್ನ ಪಿಎಚ್‌ಡಿ ಇರುವುದು ಕನ್ನಡದಲ್ಲಿ ಕೃಷಿಕರೇ ಬರೆದ ಬರಹಗಳ ಮೇಲೆ. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೆ ಲೇಖನಿ ಕೊಟ್ಟ ಕತೆಯನ್ನು ನಾನು ಎರಡು ಸೆಮಿನಾರುಗಳಲ್ಲಿ ಮಂಡಿಸಿದ್ದೇನೆ, ಸರ್ಟಿಫಿಕೇಟುಗಳೂ ಇವೆ. ಹೀಗೆ ರೈತರ ಅನುಭವಗಳನ್ನು ಕಾರ್ಡಿನಲ್ಲಿ ಬರೆದಿಟ್ಟುಕೊಳ್ಳುವ ನಾನು ಯಾವ ಯಂತ್ರದ ಅಡಿಗೂ ಬಗ್ಗಿ ನೋಡಿದವಳಲ್ಲ. ಮನೆಯಲ್ಲಿರುವ 24 ಎಚ್‌ಪಿ ಪುಟ್ಟ ಟ್ರ್ಯಾಕ್ಟರಿನ ಗೇರು ಹಾಕಲು ಬರುತ್ತದೆ, ಅಷ್ಟೆ.

ನಮ್ಮದು ತಿಪಟೂರು ಕಡೆಯ ನಾಲ್ಕು ಎಕರೆ ತೆಂಗಿನ ತೋಟ. ನಮ್ಮ ಕಡೆ ಒಳ್ಳೆಯ ತೋಟ ಅಂದರೆ ಉತ್ತು ಹರಗಿದ ತೋಟ. ಮರಗಳ ನಡುವೆ ಕೆಂಪು ಮಣ್ಣು ಕಾಣಬೇಕು, ಹುಲ್ಲು ಬಿಟ್ಟವನು ಮೈಗಳ್ಳ. ಅಪ್ಪನೂ ಮೂವತ್ತು ವರ್ಷ ಹಾಗೇ ಉತ್ತವನು. 2016ರ ಬರದಲ್ಲಿ ಬೋರು ಬತ್ತಿ, ಟ್ಯಾಂಕರಿನಲ್ಲಿ ನೀರು ಹೊಯ್ದರೂ ನಮ್ಮ 23 ಮರ ಸುಳಿ ಒಣಗಿ ನಿಂತವು. ಆಗ ನಾನು ಎಂ.ಎ. ಓದಿಗೆಂದು ತಂದಿಟ್ಟಿದ್ದ ತೇಜಸ್ವಿಯವರ 'ಸಹಜ ಕೃಷಿ' ಅಪ್ಪನ ಕೈಗೆ ಸಿಕ್ಕಿತ್ತು. ಓದಿ ಮುಗಿಸಿ ಏನೂ ಹೇಳಲಿಲ್ಲ. ಮುಂದಿನ ವರ್ಷ ಉಳುಮೆ ನಿಲ್ಲಿಸಿದ.

ಅದಕ್ಕೆ ಅಪ್ಪನದೇ ಲೆಕ್ಕವಿತ್ತು. ತೆಂಗಿಗೆ ತಾಯಿಬೇರಿಲ್ಲ. ಬುಡದಿಂದ ಸುತ್ತಲೂ ಹರಡುವ ಸಾವಿರಾರು ಬೇರುಗಳೇ ಅದರ ಬಾಯಿ. ಪ್ರತಿ ಸಲ ರೋಟವೇಟರ್ ಹೊಡೆದಾಗಲೂ ಮೇಲಿನ ಬೇರೆಲ್ಲ ತುಂಡಾಗುತ್ತಿತ್ತು, ಬೆತ್ತಲೆ ಮಣ್ಣು ಬಿಸಿಲಿಗೆ ಕಾಯುತ್ತಿತ್ತು. ಹುಲ್ಲನ್ನು ಕಿತ್ತೆಸೆಯದೆ, ಕತ್ತರಿಸಿ ಅಲ್ಲೇ ಮುಚ್ಚಿಗೆ ಮಾಡಿದರೆ ನೆಲ ತಂಪಾಗಿರುತ್ತದೆ ಎನ್ನುವುದು ಅವನಿಗೆ ಗೊತ್ತಾಯಿತು. ಆದರೆ ಕತ್ತರಿಸುವವರು ಯಾರು? ಹೆಗಲಿಗೆ ಹಾಕುವ ವೀಡ್ ಕಟ್ಟರಿನಲ್ಲಿ ನಾಲ್ಕೆಕರೆಯನ್ನೂ ಒಬ್ಬನೇ ಹೊಡೆದ. ನಾಲ್ಕನೇ ಮಳೆಗಾಲಕ್ಕೆ ಬಲಭುಜ ಮೇಲೇಳದಂತಾಯಿತು. ಅಂಗಿಯನ್ನು ಅಮ್ಮ ಹಿಡಿದುಕೊಂಡು ತೊಡಿಸುತ್ತಿದ್ದಳು. ಅಪ್ಪನಿಗೆ ಈಗ ಅರವತ್ತೊಂದು.

ರಾತ್ರಿಯೆಲ್ಲ ಓದಿದೆ. ಫ್ಲೇಲ್ ಅನ್ನುವುದು ಯುರೋಪಿನ ರೈತರು ಕಾಳು ಬಡಿಯಲು ಬಳಸುತ್ತಿದ್ದ ಬಡಿಗೆಯ ಹೆಸರು. ಉದ್ದನೆಯ ಕೋಲಿನ ತುದಿಗೆ ಇನ್ನೊಂದು ಗಿಡ್ಡ ಕೋಲು ತೂಗುಬಿದ್ದಿರುತ್ತದೆ. ಈ ಮಿಷನ್ನಿನ ಒಳಗೆ ಅಡ್ಡಕ್ಕೆ ಮಲಗಿದ ಒಂದು ದಪ್ಪ ಕೊಳವೆ, ಅದೇ ರೋಟರ್. ಕೊಳವೆಯ ಮೈತುಂಬ ಕಬ್ಬಿಣದ ಕಿವಿಗಳು, ಒಂದೊಂದು ಕಿವಿಗೂ ಬೋಲ್ಟಿನಲ್ಲಿ ತೂಗುಬಿದ್ದ ಒಂದು ಬ್ಲೇಡು. ಟ್ರ್ಯಾಕ್ಟರಿನ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಿದರೆ, ಗೇರ್‌ಬಾಕ್ಸು ಮತ್ತು ಬೆಲ್ಟು ಸೇರಿ ಅದನ್ನು ಎರಡು ಸಾವಿರದ ಆಸುಪಾಸಿಗೆ ಏರಿಸುತ್ತವೆ. ಕಲ್ಲು ಸಿಕ್ಕಿದರೆ ಬ್ಲೇಡು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬೆಳಿಗ್ಗೆ ಇಷ್ಟನ್ನೂ ವಿವರಿಸಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದು ಕುಯ್ಯೋದಲ್ಲ ಕಣವ್ವ, ಬಡಿಯೋದು" ಅಂದ.

ಹಳೆಯ ಫ್ಲೇಲ್ ಮೋವರ್ ಆರಿಸುವಾಗ ತಿಳಿದಿರಬೇಕಾದದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ಕುಯ್ಯುವ ಸಾಧನಕ್ಕೆ ಅಲಗು ಮುಖ್ಯ. ಬಡಿಯುವ ಸಾಧನಕ್ಕೆ ವೇಗವೂ ತೂಕದ ಸಮತೋಲನವೂ ಮುಖ್ಯ. ನನಗೆ ಇದು ಅರ್ಥವಾಗಲು ಐದು ಸಾವಿರ ರೂಪಾಯಿ ಬೇಕಾಯಿತು.

ಹೊಸದಕ್ಕೆ ಒಂದೂಕಾಲು ಲಕ್ಷದ ಮೇಲೆ ಹೇಳಿದರು. ಅಷ್ಟಿರಲಿಲ್ಲ. ನನ್ನ ಫೆಲೋಶಿಪ್ಪಿನ ಏಳು ತಿಂಗಳ ಬಾಕಿ ಒಟ್ಟಿಗೆ ಬಂದಿತ್ತು, ಅದರಲ್ಲಿ ಅರವತ್ತು ಸಾವಿರ ಕೊಡುತ್ತೇನೆ ಅಂದೆ. ಅಪ್ಪ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಭಾನುವಾರ ಇಬ್ಬರೂ ಹಳೆಯ ಕೃಷಿ ಉಪಕರಣ ಮಾರುವ ಒಂದು ಅಂಗಳಕ್ಕೆ ಹೋದೆವು. ಐದಡಿ ಅಗಲದ, ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿದ್ದ ಮಿಷನ್ನು. ಮಾರುವವನು ನನ್ನ ಪ್ರಶ್ನೆಗಳಿಗೆಲ್ಲ ಅಪ್ಪನ ಮುಖ ನೋಡಿಕೊಂಡೇ ಉತ್ತರ ಕೊಡುತ್ತಿದ್ದ. "ಯಜಮಾನ್ರೆ, ಒಂದೇ ಸೀಸನ್ ಓಡಿರೋದು. ಅರವತ್ತೆರಡು ಕೊಡಿ. ಸಾಯಂಕಾಲ ಕಡೂರಿನ ಪಾರ್ಟಿ ಬರ್ತಾ ಇದೆ." ಅವನು ನನ್ನ ಕಡೆ ನೋಡದೇ ಇದ್ದದ್ದಕ್ಕೋ ಏನೋ, ನನಗೂ ಗೊತ್ತಿದೆ ಎಂದು ತೋರಿಸುವ ಹಟ ಬಂತು. ಬ್ಲೇಡುಗಳನ್ನು ಮುಟ್ಟಿ ನೋಡಿದೆ, ಹರಿತವಾಗಿದ್ದವು. ಅಪ್ಪ "ನಾಳೆ ನೋಡಾಣ" ಅನ್ನುವಷ್ಟರಲ್ಲಿ ಫೋನು ತೆಗೆದು ಐದು ಸಾವಿರ ಅಡ್ವಾನ್ಸ್ ಹಾಕಿಬಿಟ್ಟೆ.

ಮರುದಿನ ನಮ್ಮೂರ ಗ್ಯಾರೇಜಿನ ಅಣ್ಣನನ್ನು ಕರೆದುಕೊಂಡು ಹೋದೆವು. ಅಣ್ಣ ಮಿಷನ್ನನ್ನು ನೋಡುವ ಮೊದಲು ಕೇಳಿದ್ದು ನಮ್ಮ ಟ್ರ್ಯಾಕ್ಟರಿನ ಅಳತೆ. ಹಿಂದಿನ ಚಕ್ರಗಳು ಹೊರಗಿಂದ ಹೊರಗೆ ಮೂರೂವರೆ ಅಡಿ. ಮಿಷನ್ನು ಚಕ್ರದ ಜಾಡು ಮುಚ್ಚಿದರೆ ಸಾಕು, ನಾಲ್ಕಡಿ ಧಾರಾಳ. ಎಂಜಿನ್ನಿನ 24 ಎಚ್‌ಪಿ ಪೂರ್ತಿ ಪಿಟಿಒಗೆ ತಲುಪುವುದಿಲ್ಲ, ಒಂದಷ್ಟು ದಾರಿಯಲ್ಲೇ ಖರ್ಚಾಗುತ್ತದೆ. ಮಳೆಗಾಲದ ದಟ್ಟ ಹುಲ್ಲಿಗೆ ಐದಡಿ ಕೊಟ್ಟರೆ ಎಂಜಿನ್ನು ಕುಸಿಯುತ್ತದೆ, ರೋಟರಿನ ವೇಗ ಇಳಿಯುತ್ತದೆ. ವೇಗ ಇಳಿದರೆ ಹುಲ್ಲು ತುಂಡಾಗದೆ ಬಾಗಿ ಮಲಗುತ್ತದೆ. ಬದು ಹತ್ತುವಾಗ ಹಿಂದಿನ ಭಾರಕ್ಕೆ ಮುಂದಿನ ಚಕ್ರವೂ ಏಳುತ್ತದೆ.

ಆಮೇಲೆ ಮಿಷನ್ನನ್ನು ಎತ್ತಿಸಿ, ಅಡಿಗೆ ಮರದ ದಿಮ್ಮಿ ಕೊಟ್ಟು, ಟಾರ್ಚು ಹಿಡಿದು ಮಲಗಿದ. "ಬಾರಮ್ಮ, ನೀನೂ ನೋಡು" ಅಂದ. ಮಲಗಿದೆ. ರೋಟರಿನ ಒಂದು ಕಿವಿಯ ಬುಡದಲ್ಲಿ ಬಣ್ಣದಡಿ ದಪ್ಪ ವೆಲ್ಡಿಂಗು, ಆ ಕಿವಿ ಪಕ್ಕದವುಗಳ ಸಾಲಿಗಿಂತ ಕೂದಲೆಳೆಯಷ್ಟು ವಾರೆ. ಅಲ್ಲಿನ ಎರಡು ಬ್ಲೇಡು ಹೊಚ್ಚಹೊಸದು, ಎದುರಿನವು ಸವೆದು ಹಗುರ. ಎರಡು ಸಾವಿರ ಸುತ್ತಿನಲ್ಲಿ ಆ ಚೂರು ತೂಕದ ವ್ಯತ್ಯಾಸವೇ ಬೇರಿಂಗನ್ನು ಕುಟ್ಟಿ ಕುಟ್ಟಿ ತಿನ್ನುತ್ತದಂತೆ. ಬ್ಲೇಡು ಬದಲಾಯಿಸುವುದಾದರೆ ಒಂದರ ಜೊತೆಗೆ ಅದರ ಎದುರಿನದನ್ನೂ ಬದಲಾಯಿಸಬೇಕು. ರೋಟರಿನ ತುದಿಗೆ ಹಾರೆ ಕೊಟ್ಟು ಮೀಟಿದ, ಟಕ್ ಎಂದು ಅಲುಗಿತು. ಗೇರ್‌ಬಾಕ್ಸಿನ ಮುಚ್ಚಳ ಬಿಚ್ಚಿ ಎಣ್ಣೆಯನ್ನು ಬೆರಳಿಗೆ ತೆಗೆದು ತೋರಿಸಿದ, ಹಾಲು ಬೆರೆತ ಟೀಯ ಬಣ್ಣ. ಒಳಗೆ ನೀರು ಹೋಗಿದೆ. "ಬಂಡೆಗೆ ಹೊಡ್ದಿರೋ ಮಿಷನ್ ಇದು. ಬ್ಲೇಡು, ಬೆಲ್ಟು, ಬಣ್ಣ ಯಾವತ್ತೂ ಹಾಕ್ಕೋಬಹುದು. ರೋಟರ್ ಹೋದ್ರೆ ಮಿಷನ್ನೇ ಹೋದಂಗೆ."

ಅಡ್ವಾನ್ಸ್ ವಾಪಸ್ಸು ಕೇಳಿದೆ. ಈ ಸಲ ಮಾರುವವನು ನನ್ನ ಮುಖವನ್ನೇ ನೋಡಿ ಮಾತಾಡಿದ: "ಅಂಥ ಪದ್ಧತಿ ಇಲ್ಲ ಮೇಡಂ."

ದಾರಿಯುದ್ದಕ್ಕೂ ನನಗೆ ಅಳು ತಡೆಯಲಾಗಲಿಲ್ಲ. ಅಪ್ಪ ಬೈಯುತ್ತಾನೆ ಅಂದುಕೊಂಡಿದ್ದೆ. ಮನೆ ಹತ್ತಿರ ಬಂದಾಗ, "ಫೀಸು ಅನ್ಕೊ ಕಣವ್ವ. ನಿಮ್ಮ ಯೂನಿವರ್ಸಿಟಿಗಿಂತ ಕಮ್ಮೀನೇ ಆಯ್ತು" ಅಂದ.

ಎರಡನೆಯ ಮಿಷನ್ನು ಹುಳಿಯಾರು ಕಡೆಯ ಒಂದು ತೋಟದಲ್ಲಿತ್ತು. ಯಜಮಾನರಿಗೆ ಎಪ್ಪತ್ತೈದರ ಮೇಲೆ. ಶೆಡ್ಡಿನ ಮೂಲೆಯಲ್ಲಿ ತೆಂಗಿನ ಸಿಪ್ಪೆಯ ರಾಶಿಯ ಪಕ್ಕ ಗೋಣಿತಾಟು ಹೊದ್ದು ಕೂತಿತ್ತು, ನಾಲ್ಕಡಿಯದು. ಬಣ್ಣವೆಲ್ಲ ಹೋಗಿ ತುಕ್ಕು ಹತ್ತಿದೆ. ಬೆಲ್ಟು ಬಿರಿದಿದೆ. ಕಲ್ಲು ಹಿಂದಕ್ಕೆ ಸಿಡಿಯದಂತೆ ಇಳಿಬಿಟ್ಟಿರುವ ರಬ್ಬರಿನ ಪರದೆ ಹರಿದಿದೆ. ಬ್ಲೇಡು 24ಕ್ಕೆ 24 ಇವೆ, ಎಲ್ಲವೂ ಒಂದೇ ಸಮ ಸವೆದಿವೆ.

ಈ ಸಲ ಅಣ್ಣ ಟಾರ್ಚನ್ನು ನನ್ನ ಕೈಗೆ ಕೊಟ್ಟ. ಕಿವಿಗಳು ನೇರ ಸಾಲಿನಲ್ಲಿದ್ದವು, ಮೂಲದ ವೆಲ್ಡಿಂಗು ಬಿಟ್ಟು ಬೇರೆ ಇಲ್ಲ. ಪ್ರತಿ ಬ್ಲೇಡನ್ನೂ ಬೆರಳಲ್ಲಿ ತೂಗಿ ನೋಡಿದೆ, ಎಲ್ಲವೂ ಸಲೀಸಾಗಿ ಆಡುತ್ತಿದ್ದವು. ತುದಿಯ ಬೇರಿಂಗಿನ ಹತ್ತಿರ ತಂತಿಯಾಗಲೀ ಹನಿ ನೀರಾವರಿಯ ಪೈಪಾಗಲೀ ಸುತ್ತಿಕೊಂಡಿದೆಯೇ ಎಂದು ನೋಡಿದೆ, ಇರಲಿಲ್ಲ. ಬೆಲ್ಟು ಬಿಚ್ಚಿ ರೋಟರನ್ನು ಕೈಯಲ್ಲಿ ತಿರುಗಿಸಿದಾಗ ಗರಗರ ಅನ್ನದೆ ತಿರುಗಿ, ಮೆಲ್ಲಗೆ ನಿಂತಿತು. ಎಣ್ಣೆ ಕಪ್ಪಾಗಿತ್ತು, ಆದರೆ ತಿಳಿಯಾಗಿತ್ತು. ನಾವು ಜೊತೆಗೆ ಒಯ್ದಿದ್ದ ಟ್ರ್ಯಾಕ್ಟರಿಗೆ ಜೋಡಿಸಿ, ಮಿಷನ್ನಿನ ಮೇಲೆ ನೀರಿನ ಬಾಟಲಿ ಇಟ್ಟು ದೂರ ನಿಂತೆವು. ಪೂರ್ತಿ ವೇಗಕ್ಕೆ ಬಂದಾಗಲೂ ಬಾಟಲಿ ಜಾರಲಿಲ್ಲ, ನೀರು ಸಣ್ಣಗೆ ನಡುಗಿತು ಅಷ್ಟೆ.

ಆಗ ನನಗೆ ಗೋಡೆ ಕಂಡಿತು. ಶೆಡ್ಡಿನ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ತಾರೀಕುಗಳ ಸಾಲು, ಒಂದೊಂದರ ಮುಂದೆ 'ಗ್ರೀ'. ಗ್ರೀಸು ಹೊಡೆದ ದಿನಗಳು. ನಾನು ಸಂಶೋಧನೆಯಲ್ಲಿ ಹುಡುಕುತ್ತಿದ್ದದ್ದು ಇಂಥದ್ದನ್ನೇ. ಇದು ಯಾವ ಪತ್ರಿಕೆಗೂ ಹೋಗುವ ಬರಹವಲ್ಲ. ಆದರೂ ಯಜಮಾನರು ಒಂದೂ ಸುಳ್ಳಿಲ್ಲದೆ ಬರೆದಿದ್ದರು. ಕೊನೆಯ ತಾರೀಕು ಎರಡು ವರ್ಷ ಹಿಂದಿನದು.

"ಯಾಕೆ ಮಾರ್ತಿದೀರಿ?" ಹಳೆಯ ಮಿಷನ್ನು ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆಯೆಂದು ಅಣ್ಣ ಕಲಿಸಿದ್ದ. ಅಪ್ಪ ಕೇಳಿದ.

"ಬೋರು ನಿಂತೋಯ್ತು. ಮಗ ಬೆಂಗ್ಳೂರಲ್ಲವ್ನೆ. ಟ್ರ್ಯಾಕ್ಟ್ರು ಹೋದ ವರ್ಷಾನೇ ಕೊಟ್ಬುಟ್ಟೆ." ಅವರು ನನ್ನನ್ನೊಮ್ಮೆ ನೋಡಿ, ಅಪ್ಪನನ್ನು ಕೇಳಿದರು: "ನಿಮ್ಮ ತೋಟ ಮುಂದಕ್ಕೆ ಯಾರು ನೋಡ್ಕತಾರೆ?"

ನಮ್ಮೂರಿನಲ್ಲಿ ಈ ಪ್ರಶ್ನೆಗೆ ಅಪ್ಪ ಯಾವಾಗಲೂ ನಕ್ಕು ಮಾತು ತಿರುಗಿಸುತ್ತಾನೆ. ಒಬ್ಬಳೇ ಮಗಳು, ಓದಲು ಹೋದವಳು. ಅವತ್ತು ತಿರುಗಿಸಲಿಲ್ಲ. "ಗೊತ್ತಿಲ್ಲ ಯಜಮಾನ್ರೆ. ನಾನಿರೋ ತನ್ಕ ನೆಲ ಕೆಡಬಾರ್ದು ಅಂತ" ಅಂದ.

ಅವರು ಐವತ್ತೈದು ಹೇಳಿದ್ದರು, ನಲವತ್ತೆಂಟಕ್ಕೆ ಒಪ್ಪಿದರು. ಸಬ್ಸಿಡಿಯಲ್ಲಿ ತೆಗೆದದ್ದಲ್ಲ ಎನ್ನುವುದಕ್ಕೆ ಹಳೆಯ ಬಿಲ್ಲನ್ನೂ ಕೊಟ್ಟರು. ಟಾಟಾ ಏಸ್‌ಗೆ ಏರಿಸುವ ಮೊದಲು, "ತಡೀರಿ" ಎಂದು ಒಳಗೆ ಹೋಗಿ ಗ್ರೀಸ್ ಗನ್ನು ತಂದರು. ರೋಟರಿನ ಎರಡೂ ತುದಿಗೆ ಒತ್ತಿ, ಹೊರಗೆ ಉಕ್ಕಿದ್ದನ್ನು ಬಟ್ಟೆಯಿಂದ ಒರೆಸಿದರು. ಗೋಡೆಯ ಮೇಲೆ ಮಾತ್ರ ಏನೂ ಬರೆಯಲಿಲ್ಲ.

ಬೆಲ್ಟು, ಬ್ಲೇಡಿನ ಸೆಟ್ಟು, ಹೊಸ ಎಣ್ಣೆ, ಹಿಂದಿನ ಪರದೆಗೆ ರಬ್ಬರು ಎಲ್ಲ ಸೇರಿ ಇನ್ನೊಂಬತ್ತು ಸಾವಿರವಾಯಿತು. ಮೊದಲ ದಿನ ಟ್ರ್ಯಾಕ್ಟರು ಹತ್ತಿದವಳು ನಾನು. ಹನಿ ಪೈಪುಗಳನ್ನೆಲ್ಲ ಎತ್ತಿ ಮರಕ್ಕೆ ಕಟ್ಟಿದ್ದೆವು, ಒಂದನ್ನು ಮರೆತಿದ್ದೆ. ಎಂಜಿನ್ನು ಆರಿಸಿ, ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ರೋಟರಿಗೆ ಸುತ್ತಿದ ಪೈಪನ್ನು ಕುಡುಗೋಲಿನಲ್ಲಿ ಕೊಯ್ದು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ತೆಂಗಿನ ಗರಿಯ ಎಲೆಭಾಗವನ್ನು ಪುಡಿ ಮಾಡುವ ಈ ಮಿಷನ್ನಿಗೆ ಅದರ ದಪ್ಪ ಬುಡ ಆಗಿಬರುವುದಿಲ್ಲ ಎನ್ನುವುದೂ ಅವತ್ತೇ ತಿಳಿಯಿತು. ಬುಡಗಳನ್ನು ಕಡಿದು ಸೌದೆಗೆ ಹಾಕಿದೆವು. ಸಂಜೆಗೆ ಎರಡೆಕರೆ ಮುಗಿದಿತ್ತು. ವೀಡ್ ಕಟ್ಟರಿನಲ್ಲಾಗಿದ್ದರೆ ಅಪ್ಪನಿಗೆ ವಾರದ ಕೆಲಸ.

ಅಮ್ಮನಿಗೆ ಮಾತ್ರ ಸಮಾಧಾನವಿಲ್ಲ. "ಎಲ್ಲಾ ಅಲ್ಲೇ ಪುಡಿ ಮಾಡಿದ್ರೆ ಹಸ ಏನು ತಿನ್ನುತ್ತೆ?" ಬದುವಿನ ಪಕ್ಕ ಎರಡು ಪಟ್ಟೆ ಹುಲ್ಲು ಹಸುವಿಗೆಂದು ಬಿಡುವ ತೀರ್ಮಾನವಾಯಿತು. ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗ ಅಮ್ಮ ಮೆಲ್ಲಗೆ ಅಂದಳು: "ನೀನು ವಾಪಸ್ ಬರಲ್ಲ ಅಂತ ಗೊತ್ತಾದ್ಮೇಲೇನೇ ನಿಮ್ಮಪ್ಪ ಅದನ್ನ ಹುಡುಕಕ್ಕೆ ಶುರು ಮಾಡಿದ್ದು ಕಣೆ."

ನಾನು ಬರುವುದಿಲ್ಲ ಎಂದು ಯಾವತ್ತೂ ಹೇಳಿರಲಿಲ್ಲ. ಬರುತ್ತೇನೆ ಎಂದೂ ಹೇಳಿರಲಿಲ್ಲ. ಸಾರಿನ ಪಾತ್ರೆಯನ್ನು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಉಜ್ಜಿದೆ.

ಈಗ ಮೈಸೂರಿಗೆ ಮರಳಿ ಐದು ತಿಂಗಳಾಗಿದೆ. ಅಪ್ಪನ ಫೋನಿನ ವಿಷಯಗಳು ಮೂರರಿಂದ ನಾಲ್ಕಾಗಿವೆ. ಮಳೆ, ಕೊಬ್ಬರಿ ರೇಟು, ನನ್ನ ಊಟ ಮುಗಿದ ಮೇಲೆ, "ಇವತ್ತು ಗ್ರೀಸ್ ಹೊಡ್ದೆ, ಬರ್ಕೊ" ಅನ್ನುತ್ತಾನೆ. ನಾಲ್ಕನೇ ಅಧ್ಯಾಯದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಕು ಬರೆದು, ಅದರ ಮುಂದೆ 'ಗ್ರೀ' ಎಂದು ಹಾಕುತ್ತೇನೆ. ಇಲ್ಲಿಯವರೆಗೆ ಹನ್ನೊಂದು ಆಗಿವೆ. ಅದರಲ್ಲಿ ಎರಡು ಸಲ ಗನ್ನು ಹಿಡಿದವಳು ನಾನೇ, ಹಬ್ಬಕ್ಕೆ ಹೋದಾಗ.