ಇಪ್ಪತ್ತಾರು ಸಾವಿರ ಜ್ಯೋತಿರ್ವರ್ಷದ ಪ್ರವಾಸಿಗಳು

ನಮ್ಮ ಆಕಾಶಗಂಗೆಯ ನಟ್ಟನಡುವೆ, ಧನು ರಾಶಿಯ ದಿಕ್ಕಿನಲ್ಲಿ, ಭಾರೀ ಕಪ್ಪುಕುಳಿಯೊಂದಿದೆ. ಅದರ ಹೆಸರು ಸ್ಯಾಜಿಟೇರಿಯಸ್ ಎ ಸ್ಟಾರ್. ತೂಕ ಸುಮಾರು ನಲವತ್ತು ಲಕ್ಷ ಸೂರ್ಯರಷ್ಟು. ದೂರ ಸುಮಾರು 26 ಸಾವಿರ ಜ್ಯೋತಿರ್ವರ್ಷ, ಅಂದರೆ ಬೆಳಕೇ ಹೊರಟರೂ ತಲುಪಲು 26 ಸಾವಿರ ವರ್ಷ ಬೇಕು. 2022ರಲ್ಲಿ ವಿಜ್ಞಾನಿಗಳು ಅದರ ಚಿತ್ರವನ್ನು ಜಗತ್ತಿಗೆ ತೋರಿಸಿದಾಗ ನಾನು ಅದನ್ನು ದೊಡ್ಡದಾಗಿ ಮುದ್ರಿಸಿ ತರಗತಿಯ ಗೋಡೆಗೆ ಅಂಟಿಸಿದ್ದೆ.

ಇಂಥ ಸ್ಥಳಕ್ಕೆ ಪ್ರವಾಸಿಗಳನ್ನು ಕೂರಿಸಿಕೊಂಡು ಹೋಗಿಬರುವ ಚಾಲಕರಿದ್ದಾರೆ ಎಂದರೆ ನಂಬುವಿರಾ? ‘ಎಲೀಟ್ ಡೇಂಜರಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಇದ್ದಾರೆ. 1984ರಲ್ಲಿ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ ‘ಎಲೀಟ್’ ಎಂಬ ಆಟ ಬರೆದರು. ಅದೇ ಬ್ರೇಬನ್ ಕಟ್ಟಿದ ಕೇಂಬ್ರಿಜ್ಜಿನ ಫ್ರಾಂಟಿಯರ್ ಕಂಪನಿ 2014ರ ಡಿಸೆಂಬರಿನಲ್ಲಿ ಈ ಹೊಸ ಆಟವನ್ನು ಹೊರತಂದಿತು. ಇದರೊಳಗೆ ಇಡೀ ಆಕಾಶಗಂಗೆಯೇ ಇದೆ, ಅದೂ ನಿಜವಾದ ಅಳತೆಯಲ್ಲಿ! ಸುಮಾರು ನಲವತ್ತು ಸಾವಿರ ಕೋಟಿ ನಕ್ಷತ್ರ ವ್ಯವಸ್ಥೆಗಳು. ನಮಗೆ ಗೊತ್ತಿರುವ ನಕ್ಷತ್ರಗಳು ಅವುಗಳ ಜಾಗದಲ್ಲೇ ಇವೆ. ಉಳಿದವನ್ನು ಖಗೋಳಶಾಸ್ತ್ರದ ನಿಯಮಗಳ ಪ್ರಕಾರ ಕಂಪ್ಯೂಟರೇ ಲೆಕ್ಕ ಹಾಕಿ ಹುಟ್ಟಿಸುತ್ತದೆ.

ಇದು ಬರೀ ಕಟ್ಟುಕಥೆಯಲ್ಲ ಎಂಬುದಕ್ಕೆ ಒಂದು ನಿದರ್ಶನ. 2017ರ ಫೆಬ್ರವರಿಯಲ್ಲಿ ಟ್ರಾಪಿಸ್ಟ್-1 ಎಂಬ ಕೆಂಪುಕುಬ್ಜದ ಸುತ್ತ ಏಳು ಗ್ರಹಗಳಿವೆಯೆಂದು ಪ್ರಕಟವಾಯಿತು. ಆಟದವರು ತಮ್ಮ ನಕ್ಷೆಯನ್ನು ನೋಡಿದರೆ, ಸರಿಸುಮಾರು ಅದೇ ದೂರದಲ್ಲಿ, ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ, ಏಳು ಗ್ರಹಗಳ ಪುಟ್ಟ ಸಂಸಾರವೊಂದು ಆಗಲೇ ಇತ್ತು! ಅದನ್ನೇ ಸ್ವಲ್ಪ ತಿದ್ದಿ ಟ್ರಾಪಿಸ್ಟ್-1 ಎಂದು ಹೆಸರಿಟ್ಟರು.

2016ರ ಅಕ್ಟೋಬರಿನಲ್ಲಿ ಈ ಆಟಕ್ಕೆ ಪ್ರಯಾಣಿಕರು ಬಂದರು. ಅವರಿಗೆಂದೇ ಐಷಾರಾಮಿ ಹಡಗುಗಳಿವೆ. ಡಾಲ್ಫಿನ್, ಓರ್ಕಾ, ಬೆಲೂಗಾ ಎಂದು ಎಲ್ಲಕ್ಕೂ ಕಡಲಪ್ರಾಣಿಗಳ ಹೆಸರು. ಕ್ಯಾಬಿನ್ನುಗಳಲ್ಲಿ ನಾಲ್ಕು ದರ್ಜೆ. ಬಡವನಿಗೆ ಸಾಧಾರಣ ಕ್ಯಾಬಿನ್, ಸಿರಿವಂತನಿಗೆ ವೈಭವದ್ದು. ಮೂವತ್ತನಾಲ್ಕನೆಯ ಶತಮಾನಕ್ಕೆ ಹೋದರೂ ಈ ಭೇದ ತಪ್ಪಿಲ್ಲ ನೋಡಿ.

ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬ ಅಂಥ ಒಬ್ಬ ಪ್ರಯಾಣಿಕನನ್ನು ಹತ್ತಿಸಿಕೊಂಡು ಕಪ್ಪುಕುಳಿಯ ಕಡೆ ಹೊರಟಿದ್ದ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರದಲ್ಲಿತ್ತು. ಅವನ ತಂದೆ ನನ್ನ ಬಳಿ ಬಂದು, “ಮೇಷ್ಟ್ರೇ, ಕಂಪ್ಯೂಟರಿಗೆ ಬೀಗ ಹಾಕಲೋ ಬೇಡವೋ ನೀವೇ ಹೇಳಿ” ಎಂದರು. ನೋಡದೆ ಹೇಳುವುದು ಹೇಗೆ? ಒಂದು ಭಾನುವಾರ ಅವರ ಮನೆಗೆ ಹೋಗಿ ಹುಡುಗನ ಪಕ್ಕದಲ್ಲಿ ಕುಳಿತೆ.

ಮೊದಲು ಲೆಕ್ಕ. ಹಡಗು ಒಂದು ನೆಗೆತಕ್ಕೆ 30 ಜ್ಯೋತಿರ್ವರ್ಷ ಹಾರುತ್ತದೆ ಎಂದಿಟ್ಟುಕೊಳ್ಳಿ. 26,000ವನ್ನು 30ರಿಂದ ಭಾಗಿಸಿದರೆ 867 ನೆಗೆತ. ಒಂದಕ್ಕೆ ಒಂದು ನಿಮಿಷವೆಂದರೂ ಹದಿನಾಲ್ಕೂವರೆ ಗಂಟೆ. ಪ್ರವಾಸಿಯನ್ನು ವಾಪಸು ಕರೆತರಬೇಕಲ್ಲ, ಅದು ಇನ್ನೊಂದು ಹದಿನಾಲ್ಕೂವರೆ.

ದಾರಿಯಲ್ಲಿ ಇಂಧನ ಬೇಕು. ಅದಕ್ಕೆ ಬಂಕ್ ಇಲ್ಲ, ನಕ್ಷತ್ರದ ಅಂಚಿನಲ್ಲಿ ಹಾಯ್ದು ಹೈಡ್ರೋಜನ್ ಮೊಗೆದುಕೊಳ್ಳಬೇಕು. ಎಲ್ಲ ನಕ್ಷತ್ರಗಳೂ ಕೊಡುವುದಿಲ್ಲ. ಓ, ಬಿ, ಎ, ಎಫ್, ಜಿ, ಕೆ, ಎಂ ಎಂಬ ಏಳು ವರ್ಗದವು ಮಾತ್ರ ಕೊಡುತ್ತವೆ. ನಕ್ಷತ್ರಗಳನ್ನು ಬಿಸಿಯಿಂದ ತಂಪಿನ ಕಡೆಗೆ ಜೋಡಿಸಿದ ಈ ಸಾಲನ್ನು ನಾವು ಬಿಎಸ್ಸಿಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಹೇಳಿಕೊಂಡು ಉರುಹೊಡೆಯುತ್ತಿದ್ದೆವು. ಆ ವಾಕ್ಯದಲ್ಲಿ ಚೆಲುವೆಯೊಬ್ಬಳ ಮುತ್ತಿನ ವಿಚಾರ ಬರುವುದರಿಂದ ಒಂಬತ್ತನೆಯ ತರಗತಿಯಲ್ಲಿ ಅದನ್ನು ಹೇಳಿಕೊಡುವಂತಿಲ್ಲ. ಆಟಗಾರರು ಅದೇ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಕೆಜಿಬಿ ಫೋಮ್’ ಎಂದು ಮಾಡಿಕೊಂಡಿದ್ದಾರೆ. ಹುಡುಗ ಅದನ್ನು ಮಗ್ಗಿಯಂತೆ ಒಪ್ಪಿಸಿದ. “ಸಾರ್, ಕಂದುಕುಬ್ಜಗಳ ಸಾಲಿಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು” ಎಂದ. ಹಾಗೆ ಇಂಧನ ಮುಗಿದು ನಿಂತವರ ನೆರವಿಗೆ ‘ಫ್ಯೂಯೆಲ್ ರ‍್ಯಾಟ್ಸ್’ ಎಂಬ ಆಟಗಾರರ ಸಂಘವೇ ಇದೆ. ಒಂದು ಕಾಸೂ ತೆಗೆದುಕೊಳ್ಳದೆ ಸಾವಿರಾರು ಜ್ಯೋತಿರ್ವರ್ಷ ಹಾರಿಬಂದು ಇಂಧನ ಹಾಕಿ ಹೋಗುತ್ತಾರಂತೆ.

ಇನ್ನು ನ್ಯೂಟ್ರಾನ್ ನಕ್ಷತ್ರಗಳು. ಸೂರ್ಯನಿಗಿಂತ ಹೆಚ್ಚು ತೂಕವನ್ನು ಇಪ್ಪತ್ತು ಕಿಲೋಮೀಟರಿನ ಗುಂಡಿನಲ್ಲಿ ಅದುಮಿಟ್ಟ ವಿಚಿತ್ರ ವಸ್ತು. ಆಟದಲ್ಲಿ ಅದರ ಧ್ರುವಗಳಿಂದ ಚಿಮ್ಮುವ ಧಾರೆಯೊಳಕ್ಕೆ ಹಡಗನ್ನು ನುಗ್ಗಿಸಿದರೆ ಮುಂದಿನ ನೆಗೆತ ನಾಲ್ಕು ಪಟ್ಟಾಗುತ್ತದೆ. ಇದು ಭೌತಶಾಸ್ತ್ರವಲ್ಲ, ಕಥೆಗಾರನ ಸ್ವಾತಂತ್ರ್ಯ ಎಂದು ಹುಡುಗನಿಗೆ ಸ್ಪಷ್ಟವಾಗಿ ಹೇಳಿದೆ. ಆದರೆ ತಿರುಗುತ್ತಿರುವ ಆ ನೀಲಿ ಧಾರೆ ಪರದೆಯ ತುಂಬ ಬಂದಾಗ ನಾನೂ ಕುರ್ಚಿಯ ಕೈ ಬಿಗಿಹಿಡಿದಿದ್ದೆ.

ಇಷ್ಟೆಲ್ಲ ಸೊಗಸಿನ ನಡುವೆ ನನಗೆ ಕೊರತೆ ಕಂಡದ್ದು ಆ ಪ್ರಯಾಣಿಕನಲ್ಲಿ. ಅವನು ಮಾತನಾಡುವುದೇ ಇಲ್ಲ! ಹಡಗಿಗೆ ಪೆಟ್ಟಾದರೆ ಸಿಟ್ಟಾಗುತ್ತಾನೆ. ಕೆಲವರು ಹೊರಟ ಮೇಲೆ ಯಾವುದೋ ಸರಕು ಬೇಕೆಂದು ಸಂದೇಶ ಕಳಿಸಿ ಹಠ ಹಿಡಿಯುತ್ತಾರೆ. ಅಂಗಡಿಯೇ ಇಲ್ಲದ ಕಡೆ ಎಲ್ಲಿಂದ ತರುವುದು? ಅದು ಬಿಟ್ಟರೆ ಅವನು ಮೂಟೆಗೆ ಸಮ. ಮೂವತ್ತು ವರ್ಷ ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದವನು ನಾನು. ಬಸ್ಸು ಊರ ಗಡಿ ದಾಟುವ ಮೊದಲೇ “ಸಾರ್, ಇನ್ನೆಷ್ಟು ದೂರ?” ಶುರುವಾಗುತ್ತದೆ. ಅಂತ್ಯಾಕ್ಷರಿ, ವಾಂತಿ, ಘಾಟಿ ಬರುವಾಗ ಸರಿಯಾಗಿ ನಿದ್ದೆ! ಪ್ರಯಾಣಿಕರೆಂದರೆ ಅವರು. ಕೆಂಪುದೈತ್ಯದ ಪಕ್ಕದಲ್ಲಿ ಹಾಯುವಾಗ “ಅದೇಕೆ ಅಷ್ಟು ಕೆಂಪು?” ಎಂದು ಪ್ರಯಾಣಿಕ ಕೇಳಬೇಕು, ಚಾಲಕ ಸರಿಯಾದ ಉತ್ತರ ಆರಿಸಿದರೆ ಅವನು ಖುಷಿಪಡಬೇಕು. ಆಗ ಆಟ ಪಾಠವೂ ಆದೀತು.

ಸಂಬಳದ ವಿಚಾರವೂ ಇದೆ. ಬಹುಕಾಲ ಜಾಣ ಚಾಲಕರೆಲ್ಲ ರೋಬಿಗೋ ಎಂಬ ಗಣಿನೆಲೆಯಿಂದ ಪಕ್ಕದ ಸೋಥಿಸ್‌ಗೆ ಪ್ರವಾಸಿಗಳನ್ನು ಸುತ್ತಿಸಿಕೊಂಡು ಬರುತ್ತಿದ್ದರು, ನಮ್ಮ ಷೇರ್ ಆಟೋಗಳ ಹಾಗೆ. ಗಂಟೆಯ ಲೆಕ್ಕದಲ್ಲಿ ದೂರಪ್ರಯಾಣಕ್ಕಿಂತ ಅದರಲ್ಲೇ ಲಾಭ. ಕಪ್ಪುಕುಳಿಯವರೆಗೆ ಹೋದವನು ನಷ್ಟದಲ್ಲಿ! ದೂರಕ್ಕೆ ಮಾತ್ರ ಬೆಲೆ ಕಟ್ಟದೆ, ದಾರಿಯಲ್ಲಿ ಏನೇನು ತೋರಿಸಿದ ಎಂಬುದಕ್ಕೂ ಕೊಡಲಿ. ಯಾವ ನೀಹಾರಿಕೆಯಲ್ಲಿ ನಿಲ್ಲಬೇಕು, ಯಾವ ಉಂಗುರದ ಗ್ರಹ ತೋರಿಸಬೇಕು ಎಂದು ಚಾಲಕನೇ ಪ್ರವಾಸವನ್ನು ಯೋಜಿಸುವಂತಿರಲಿ. ಯಾರೂ ಕಾಣದ ನಕ್ಷತ್ರವನ್ನು ಮೊದಲು ಕಂಡವನ ಹೆಸರು ಆಟದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಜೊತೆಗಿದ್ದ ಪ್ರಯಾಣಿಕನ ಹೆಸರನ್ನೂ ಬರೆದರೆ ಏನು ಕಳೆದುಹೋಗುತ್ತದೆ?

ತೋರಿಸಲು ಹತ್ತಿರದಲ್ಲೇ ಬೇಕಾದಷ್ಟಿದೆ. ನಮ್ಮ ನೆರೆಯ ಆಲ್ಫಾ ಸೆಂಟಾರಿ ವ್ಯವಸ್ಥೆಯ ಹಟನ್ ನಿಲ್ದಾಣ ಮುಖ್ಯ ನಕ್ಷತ್ರದಿಂದ 0.22 ಜ್ಯೋತಿರ್ವರ್ಷ ದೂರ. ಪ್ರಾಕ್ಸಿಮಾ ನಿಜವಾಗಿಯೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದೆ. ಬೆಳಕಿಗೆ 80 ದಿನದ ದಾರಿ, ಅದರ ಎರಡು ಸಾವಿರ ಪಟ್ಟು ವೇಗದಲ್ಲಿ ಹೋದರೂ ಸುಮಾರು ಒಂದು ಗಂಟೆ. ವೇಗ ಹಿಡಿಯುವ ಹೊತ್ತು ಬೇರೆ. ಅಲ್ಲಿ ದೊಡ್ಡ ಹಡಗು ಪುಕ್ಕಟೆ ಸಿಗುತ್ತದೆಂದು ಹಳಬರು ಹೊಸಬರನ್ನು ಅಟ್ಟಿ ನಗುತ್ತಾರಂತೆ. ಸೌರವ್ಯೂಹಕ್ಕೆ ಹೋಗಲು ಅನುಮತಿಪತ್ರ ಬೇಕು. ಸಿಕ್ಕಿತೆಂದರೆ ಅಲ್ಲಿ ವಾಯೇಜರ್-1 ಇನ್ನೂ ತೇಲುತ್ತಿರುತ್ತದೆ, ಸೂರ್ಯನಿಂದ ಬೆಳಕು 27 ದಿನದಲ್ಲಿ ಸಾಗುವಷ್ಟು ದೂರದಲ್ಲಿ. ಸೆಕೆಂಡಿಗೆ 17 ಕಿಲೋಮೀಟರಿನಂತೆ 1,300 ವರ್ಷಕ್ಕೆ ಗುಣಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ನಿಜವಾದ ವಾಯೇಜರಿನ ಚಿನ್ನದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡದ್ದೂ ಇದೆ. ಆ ಮುದಿ ನೌಕೆಯ ಪಕ್ಕಕ್ಕೆ ಒಬ್ಬ ಪ್ರವಾಸಿಯನ್ನು ಕರೆತಂದು ಆ ಕಥೆ ಹೇಳುವಂತಿದ್ದರೆ!

ಹುಡುಗನ ನಿಜವಾದ ಸಂಕಟ ಬೇರೆಯಿತ್ತು. ಪ್ರಯಾಣದ ಗಡುವು ಕಂಪ್ಯೂಟರ್ ಆರಿಸಿದರೂ ಓಡುತ್ತಲೇ ಇರುತ್ತದೆ. ಕಪ್ಪುಕುಳಿ ನೋಡಿ ಹಿಂದಿರುಗುವಾಗ ಇನ್ನೂ 9,000 ಜ್ಯೋತಿರ್ವರ್ಷ, ಅಂದರೆ 300 ನೆಗೆತ ಬಾಕಿ. ಇತ್ತ ಗಣಿತದ ಪರೀಕ್ಷೆ. ಪ್ರಯಾಣಿಕನನ್ನು ನಡುದಾರಿಯಲ್ಲಿ ಬಿಡಲು ಅವನಿಗೆ ಮನಸ್ಸಿರಲಿಲ್ಲ. “ನಂಬಿ ಹತ್ತಿದವರು ಸಾರ್” ಎಂದ. ತಂದೆಗೆ ಅದು ಅರ್ಥವಾಯಿತು. ಅವರ ಅಪ್ಪ ಬಸ್ ಡ್ರೈವರ್ ಆಗಿದ್ದವರು. ನ್ಯೂಟ್ರಾನ್ ನಕ್ಷತ್ರಗಳ ದಾರಿ ಹುಡುಕಿ ನೆಗೆತಗಳನ್ನು ಅರ್ಧಕ್ಕೂ ಕಡಿಮೆ ಮಾಡಿದೆವು. ಎರಡು ಭಾನುವಾರ, ತಲಾ ಒಂದೂವರೆ ಗಂಟೆ ಎಂದು ಒಪ್ಪಂದವಾಯಿತು. ಉಳಿದ ದಿನ ಕಂಪ್ಯೂಟರಿನ ವೈರು ತಂದೆಯ ಬೀರುವಿನಲ್ಲಿ.

ಎರಡನೆಯ ಭಾನುವಾರ ಹಡಗು ನಿಲ್ದಾಣ ಸೇರಿತು. ಅಪ್ಪ, ಮಗ ಇಬ್ಬರೂ ಪರದೆಯ ಮುಂದಿದ್ದರಂತೆ. ಹಣ ಬಂತು, ಕ್ಯಾಬಿನ್ ಖಾಲಿಯಾಯಿತು, ಅಷ್ಟೇ. “ಅಷ್ಟು ದೂರ ಹೋಗಿಬಂದು ಇಳಿದವನು ಒಂದು ಮಾತೂ ಆಡಲಿಲ್ಲ ಸಾರ್” ಎಂದು ಹುಡುಗ ಮರುದಿನ ಪೆಚ್ಚಾಗಿ ಹೇಳಿದ. ಅವನ ತಕರಾರಿನ ಪಟ್ಟಿಯಲ್ಲಿ ಮೊದಲನೆಯದು ಅದು. ಎರಡನೆಯದು, ಚಾಲಕ ಮಲಗಿದಾಗ ಗಡುವಿನ ಗಡಿಯಾರವೂ ನಿಲ್ಲಬೇಕು ಎಂಬುದು.