ಅಮ್ಮನನ್ನು ಕೇಳಿ ಬಾ

ಕೆ.ಜಿ.ಎಫ್. ಎಂದೊಡನೆ ಜನ ಚಿನ್ನದ ಮಾತೆತ್ತುತ್ತಾರೆ. 2018ರಿಂದೀಚೆಗೆ ಸಿನಿಮಾದ ಮಾತೂ ಸೇರಿದೆ. ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿಬಂದು ಅಲ್ಲಿ ಪಾಠ ಹೇಳಿದ ನನಗೆ ನೆನಪಾಗುವುದು ಗಣಿ ಲೈನುಗಳ ಸಾಲುಮನೆಗಳು. ಹೆಚ್ಚಿನವು ತಮಿಳು ಮಾತಾಡುವ ದಲಿತ ಕುಟುಂಬಗಳು. ಮೂರು ಕಿಲೋಮೀಟರಿಗೂ ಆಳದ ಗಣಿಗೆ ಇಳಿದ ಗಂಡಸರ ಲೆಕ್ಕ ಕಂಪನಿಯ ಪುಸ್ತಕದಲ್ಲಿತ್ತು. ಅವರು ಮೇಲೆ ಬರುವವರೆಗೆ ಜೀವ ಕೈಯಲ್ಲಿ ಹಿಡಿದು ಕೂತ ಹೆಂಗಸರ ಲೆಕ್ಕ ಇಟ್ಟವರು ಯಾರು?

ದೀಪಾ ಧನರಾಜ್ ಅವರ ಚಿತ್ರಗಳ ಬಗ್ಗೆ ತಿಳಿದಾಗ ನನಗೆ ಇದೇ ಪ್ರಶ್ನೆ ಎದ್ದಿತು. ಬೆಂಗಳೂರಿನ ಈ ಸಾಕ್ಷ್ಯಚಿತ್ರ ನಿರ್ದೇಶಕಿ ಮಹಿಳಾ ಚಳವಳಿಯ ಒಡನಾಡಿ. 1980ರಲ್ಲಿ ಸ್ನೇಹಿತರೊಡನೆ 'ಯುಗಾಂತರ್' ತಂಡ ಕಟ್ಟಿದರು. ಪುಣೆಯ ಮನೆಗೆಲಸದವರ ಬಗ್ಗೆ ಒಂದು ಚಿತ್ರ ಮಾಡಿದರು. 1982ರಲ್ಲಿ ನಮ್ಮ ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಂಗಸರ ಬಗ್ಗೆ ಇನ್ನೊಂದು. ಮರುವರ್ಷ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯೊಡನೆ ತೆಗೆದ ತೆಲುಗು ಚಿತ್ರ ಹೊಸ್ತಿಲು ದಾಟಿ ಮನೆಯೊಳಗಿನ ಹಿಂಸೆಯನ್ನೇ ತೋರಿಸಿತು. ರೋಹಿತ್ ವೇಮುಲನ ಸಾವಿನ ನಂತರದ ದಲಿತ ವಿದ್ಯಾರ್ಥಿಗಳ ಹೋರಾಟವನ್ನು 2018ರಲ್ಲಿ ಚಿತ್ರವಾಗಿಸಿದವರೂ ಇವರೇ.

ನಿಪ್ಪಾಣಿಯ ಚಿತ್ರ ಬಂದ ವರ್ಷವೇ ದೂರದ ಅಮೆರಿಕದಲ್ಲಿ ಕಪ್ಪು ಕಲಾವಿದೆ ಕ್ಯಾಮಿಲ್ ಬಿಲಪ್ಸ್, ಪತಿ ಜೇಮ್ಸ್ ಹ್ಯಾಚ್ ಜೊತೆ 'ಸುಝಾನ್, ಸುಝಾನ್' ತೆಗೆದರು. ಸುಝಾನ್ ಅವರ ಸೋದರಿಯ ಮಗಳು. ಅಪ್ಪನ ಹೊಡೆತ ತಿಂದು ಬೆಳೆದ ಆ ಹುಡುಗಿ, ಅದೇ ಹೊಡೆತ ತಿಂದ ತಾಯಿಯನ್ನು ಪ್ರಶ್ನಿಸುತ್ತಾಳೆ. ಮನೆಯ ಮಾನ ಹೋಗುತ್ತದೆಂದು ನಾವು ಮುಚ್ಚಿಡುವ ಮಾತುಗಳೇ ಅಲ್ಲವೇ ಅವು?

ಗಣಿ ಇನ್ನೂ ನಡೆಯುತ್ತಿದ್ದ ದಿನಗಳಲ್ಲಿ 'ನಮ್ಮಮ್ಮನ ಒಂದು ದಿನ' ಎಂದು ಪ್ರಬಂಧ ಕೊಟ್ಟಿದ್ದೆ. ಲೈನಿನ ಹುಡುಗಿಯೊಬ್ಬಳು ಖಾಲಿ ಹಾಳೆ ಹಿಡಿದು ನಿಂತಳು. "ಅಮ್ಮ ಏನೂ ಮಾಡಲ್ಲ ಮಿಸ್, ಮನೇಲೇ ಇರ್ತಾರೆ."

"ಹೋಗಿ ಅಮ್ಮನನ್ನೇ ಕೇಳಿಕೊಂಡು ಬಾ" ಎಂದೆ.

ಮರುದಿನ ಎರಡು ಹಾಳೆ ತಂದಳು. ಬೀದಿ ನಲ್ಲಿಯ ಸರತಿ, ಗಂಡನ ಪಾಳಿಗೆ ತಕ್ಕಂತೆ ನಡುರಾತ್ರಿಯ ಅಡುಗೆ, ಅವನ ಕೆಮ್ಮಿಗೆ ಕಷಾಯ, ಅಂಗಡಿಯ ಸಾಲ, ಕುಡಿದು ಬಂದ ರಾತ್ರಿಯ ಏಟು, ಎಲ್ಲವೂ ಇತ್ತು. "ಅಮ್ಮ ಅಳ್ತಾ ಅಳ್ತಾ ನಕ್ಕುಬಿಟ್ರು ಮಿಸ್. ಇಷ್ಟು ದಿನ ಯಾರೂ ಕೇಳಿರಲಿಲ್ಲವಂತೆ" ಎಂದಳು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಲೈನುಗಳ ಮಕ್ಕಳು ನಸುಕಿನ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೊರಟರು. ಈಗ ಅವರ ಕೈಯ ಫೋನಿನಲ್ಲೇ ಕ್ಯಾಮೆರಾ ಇದೆ. ಆ ಅಮ್ಮಂದಿರಿಗೆ ವಯಸ್ಸಾಗಿದೆ. ಕೇಳುವವರು ಬೇಗ ಹೋಗಿ ಕೇಳಬೇಕು.