ನಮ್ಮ ಮನೆಯ ನಿತ್ಯೋತ್ಸವ

ವಾಚಕರಲ್ಲಿ ಅನೇಕರ ಮನೆಯಲ್ಲಿ ಇಂದಿಗೂ ಹಳೆಯದೊಂದು ಕ್ಯಾಸೆಟ್ಟು ಇದ್ದೇ ಇರುವದು. ಅದನ್ನು ನುಡಿಸುವ ಯಂತ್ರವು ಕೆಟ್ಟು ಎಷ್ಟೋ ವರ್ಷಗಳಾಗಿರಬಹುದು. ಆದರೂ ದೀಪಾವಳಿಯ ಮುಂಚೆ ಮನೆಯನ್ನು ಗುಡಿಸಿ ಸಾರಿಸುವಾಗ ಅದು ಕೈಗೆ ಬಂದರೆ ಹೊರಗೆ ಚೆಲ್ಲಲು ಮನಸ್ಸು ಬಾರದು. ಒರೆಸಿ ಇದ್ದಲ್ಲಿಯೇ ಮತ್ತೆ ಇಡುವೆವು. ನಮ್ಮ ಮನೆಯ ಅಂಥ ಕ್ಯಾಸೆಟ್ಟಿನ ಹೆಸರು ‘ನಿತ್ಯೋತ್ಸವ’. ಅದು ಕೈ ಸೇರಿದಾಗ ನಮಗೆ ಹದಿನಾಲ್ಕು ವರ್ಷ. ಈಗ ಅರವತ್ತು ತುಂಬಿದೆ.

ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಈ ಕ್ಯಾಸೆಟ್ಟು 1978ರಲ್ಲಿ ಹೊರಬಂದಿತು. ಕನ್ನಡ ಭಾವಗೀತೆಗಳ ಕ್ಯಾಸೆಟ್ಟುಗಳಲ್ಲಿ ಇದೇ ಮೊದಲನೆಯದೆಂದು ಹೇಳುವರು. ಅದಕ್ಕೆ ಮುಂಚೆ ಭಾವಗೀತೆಯನ್ನು ಕೇಳಬೇಕಾದರೆ ಆಕಾಶವಾಣಿಯವರ ದಯೆಯನ್ನು ಕಾಯಬೇಕಾಗಿತ್ತು. ಇಲ್ಲವೆ ಗಾಯಕರು ಊರಿಗೆ ಬರಬೇಕಾಗಿತ್ತು. ಕಾರವಾರದಂಥ ಮೂಲೆಯ ಊರಿಗೆ ಅವರು ಬರುವದೆಲ್ಲಿ! ಬೇಕೆಂದಾಗ ಬೇಕಾದ ಹಾಡನ್ನು ಕೇಳಬಹುದೆಂಬ ಸುಖವನ್ನು ನಾವು ಮೊದಲು ಉಂಡದ್ದು ಈ ಕ್ಯಾಸೆಟ್ಟಿನಿಂದಲೇ. 1979ರ ಚೌತಿಗೆ ಮುಂಬಯಿಯಿಂದ ಬಂದ ಸೋದರಮಾವನವರು ಟೇಪ್ ರೆಕಾರ್ಡರನ್ನೂ ಮರಾಠಿ ನಾಟ್ಯಗೀತೆಗಳ ಎರಡು ಕ್ಯಾಸೆಟ್ಟುಗಳನ್ನೂ ತಂದುಕೊಟ್ಟರು. ಕನ್ನಡದ್ದೊಂದೂ ಇರಲೆಂದು ತಂದೆಯವರು ಹುಬ್ಬಳ್ಳಿಗೆ ಹೋದಾಗ ‘ನಿತ್ಯೋತ್ಸವ’ವನ್ನು ಕೊಂಡು ತಂದರು.

‘ಕನ್ನಡದ್ದೊಂದೂ ಇರಲಿ’ ಎಂಬ ಮಾತಿನ ಅರ್ಥವು ಘಟ್ಟದ ಮೇಲಿನವರಿಗೆ ಕೂಡಲೆ ಆಗಲಾರದು. ಕಾಳಿ ನದಿಯು ಕಡಲನ್ನು ಸೇರುವ ಕೋಡಿಬಾಗದಲ್ಲಿ ನಮ್ಮ ಮನೆ, ಮನೆಮಾತು ಕೊಂಕಣಿ. ನಮ್ಮ ಜಿಲ್ಲೆಯು 1956ರ ವರೆಗೆ ಮುಂಬಯಿ ರಾಜ್ಯದಲ್ಲಿತ್ತು. ತಾಯಿಯವರು ಕಲಿತದ್ದು ನಾಲ್ಕು ಇಯತ್ತೆಯ ಮರಾಠಿ ಶಾಲೆ. ಕಾರವಾರವು ಯಾರಿಗೆ ಸೇರಬೇಕೆಂಬ ವಾದವು 1967ರಲ್ಲಿ ಮಹಾಜನ ಆಯೋಗದ ವರದಿ ಬಂದ ಮೇಲೂ ನಮ್ಮ ಜಗುಲಿಯಲ್ಲಿ ಮುಗಿದಿರಲಿಲ್ಲ. ಹಿರಿಯರು ಎಲೆಯಡಿಕೆ ಹಾಕಿಕೊಂಡು ತಾಸುಗಟ್ಟಲೆ ವಾದಿಸುವರು; ತಾಯಿಯವರು ಒಳಗಿನಿಂದ ಚಹ ಕಳಿಸುವರು. ಅವರ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವರ ಪಾಲಿಗೆ ಕನ್ನಡವೆಂದರೆ ಕಚೇರಿಯವರ ಭಾಷೆ, ತಪ್ಪಿದರೆ ನಗುವವರ ಭಾಷೆ. ನಮಗೂ ಅದು ಬಾಯಿಪಾಠ ಮಾಡಿ ಒಪ್ಪಿಸುವ ವಸ್ತುವೇ ಆಗಿತ್ತೆಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ಆದರೆ ಸಂಜೆ ದೀಪ ಹಚ್ಚಿದ ತರುವಾಯ ಅನಂತಸ್ವಾಮಿಯವರ ಕಂಠವು ನಡುಮನೆಯಲ್ಲಿ ಏಳತೊಡಗಿದ ಮೇಲೆ ಸಂಗತಿಯೇ ಬೇರೆಯಾಯಿತು. ಆ ರಾಗಗಳಲ್ಲಿ ಕಸರತ್ತಿಲ್ಲ; ಶಬ್ದವನ್ನು ಮುಂದೆ ಬಿಟ್ಟು ರಾಗವು ಹಿಂದೆ ನಡೆಯುವದು. ತಾಯಿಯವರು ಕಾಯಿ ತುರಿಯುತ್ತ ಮೊದಲು ರಾಗವನ್ನು ಹಿಡಿದರು, ತಿಂಗಳೆರಡು ತಿಂಗಳಿನಲ್ಲಿ ಶಬ್ದಗಳನ್ನೂ ಹಿಡಿದರು. ಅರ್ಥವನ್ನು ನಮ್ಮಿಂದ ಕೇಳಿ ತಿಳಿದರು. ನಮಗೆ ತಿಳಿಯದಿದ್ದುದನ್ನು ನಾವು ಶಾಲೆಯ ಮಾಸ್ತರರನ್ನು ಕೇಳಿ ಬಂದೆವು. ಶಬ್ದಕೋಶವನ್ನು ಬಿಡಿಸುವ ಅಭ್ಯಾಸವು ನಮಗೆ ಹತ್ತಿದ್ದು ಹೀಗೆ.

ಒಂದು ದಿನ ನಮ್ಮ ತಂಗಿ, ಆಗ ಅವಳಿಗೆ ಎಂಟೋ ಒಂಬತ್ತೋ ವರ್ಷ, ಹೆಸರಿನ ಹಾಡು ಮುಗಿಯುತ್ತಲೆ ತಕರಾರು ತೆಗೆದಳು. ಜೋಗವಿದೆ, ತುಂಗೆಯಿದೆ, ಸಹ್ಯಾದ್ರಿಯಿದೆ; ಕಡಲೆಲ್ಲಿ? ಕಿಡಕಿಯ ಹೊರಗೆ ಅಷ್ಟು ದೊಡ್ಡ ಕಡಲು ಮೊರೆಯುತ್ತಿರಲು ಕವಿಗೆ ಅದು ಕಾಣಲಿಲ್ಲವೆ? ತಂದೆಯವರು ನಕ್ಕು, “ಅವರು ದೇವನಹಳ್ಳಿಯವರು ಮಗಾ, ಕಲ್ಲಿನ ಶಾಸ್ತ್ರವನ್ನು ಕಲಿಸುವ ಪ್ರಾಧ್ಯಾಪಕರು. ಕಡಲಿನ ಗೊಡವೆ ಅವರಿಗೇಕೆ?” ಎಂದರು. ಅನಂತರ ತಾಯಿಯವರ ಕಡೆಗೆ ತಿರುಗಿ, ಆ ಕವಿಗಳ ಮನೆಮಾತು ಕನ್ನಡವಲ್ಲ, ಉರ್ದು ಎಂದು ಹೇಳಿದರು. ತಾಯಿಯವರು ತುರಿಯುವದನ್ನು ನಿಲ್ಲಿಸಿ, “ಹೌದೇನು?” ಎಂದು ಎರಡು ಸಲ ಕೇಳಿದರು.

ಅದರ ಮರುವಾರವೋ ಮುಂದಿನ ವಾರವೋ ರವಿವಾರದ ಸಂತೆಯಲ್ಲಿ ಅವರು ಕನ್ನಡ ಮಾತಾಡಿದರು. ಅಂಕೋಲೆಯ ಕಡೆಯಿಂದ ಸೊಪ್ಪು ತರುತ್ತಿದ್ದ ಹಾಲಕ್ಕಿಯ ಮುದುಕಿಯೊಬ್ಬಳೊಡನೆ ಅಲ್ಲಿಯ ವರೆಗೆ ಬೆರಳೆಣಿಸಿ ವ್ಯಾಪಾರ ಮಾಡುತ್ತಿದ್ದವರು, ಆ ದಿನ ನೆಟ್ಟಗೆ ನಿಂತು, “ಈ ಹರಿವೆಯ ಬೆಲೆ ಎಷ್ಟು, ತಾಯಿ?” ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರು. ‘ತಾಯಿ’ ಎಂಬ ಸಂಬೋಧನೆಯು ಎಲ್ಲಿಂದ ಬಂದಿತೆಂಬದು ನಮಗೆ ತಿಳಿದಿತ್ತು. ನಗು ಬಂದರೂ ನುಂಗಿಕೊಂಡೆವು. ಮುದುಕಿಯು ಮಾತ್ರ ಮಣಿಸರಗಳೆಲ್ಲ ಅಲುಗುವಂತೆ ನಕ್ಕು ಒಂದು ಕಟ್ಟು ಹೆಚ್ಚಿಗೆ ಹಾಕಿದಳು.

ಇನ್ನು ನಮ್ಮ ಅಪರಾಧದ ಸಂಗತಿ. 1981ರ ಮಳೆಗಾಲ ಮುಗಿದ ಹೊಸದು. ರೇಡಿಯೋದ ನಾಟಕವೊಂದನ್ನು ಮುದ್ರಿಸಿಕೊಳ್ಳುವ ಹುಚ್ಚು ನಮಗೆ ಹಿಡಿಯಿತು. ಖಾಲಿ ಕ್ಯಾಸೆಟ್ಟಿಗೆ ಹಣವಿಲ್ಲ. ‘ನಿತ್ಯೋತ್ಸವ’ದ ಕೊನೆಯಲ್ಲಿ ಕೆಲವು ನಿಮಿಷ ಬರಿದು ಉಳಿದಿದ್ದುದು ನೆನಪಾಯಿತು. ಇಂಥ ಕ್ಯಾಸೆಟ್ಟಿನ ಮೇಲೆ ಯಾರೂ ಬೇರೆ ಮುದ್ರಿಸಬಾರದೆಂದು ಅದರ ಬೆನ್ನಿಗೆ ಎರಡು ಚಿಕ್ಕ ತೂತುಗಳನ್ನು ಬಿಟ್ಟಿರುವರು. ನಾವು ಅವಕ್ಕೆ ಕಾಗದ ಅಂಟಿಸಿ ಕೆಂಪು ಗುಂಡಿಯನ್ನು ಒತ್ತಿದೆವು. ಮಗ್ಗುಲು ತಪ್ಪಾಗಿತ್ತು, ಸುರುಳಿಯು ಹೆಸರಿನ ಹಾಡಿನ ನಟ್ಟನಡುವೆ ನಿಂತಿತ್ತು. ಸಾಲದ್ದಕ್ಕೆ ಯಂತ್ರವು ರೇಡಿಯೋದ ಧ್ವನಿಯನ್ನು ಬಿಟ್ಟು ತನ್ನ ಮೈಕಿನಿಂದ ಮನೆಯ ಧ್ವನಿಯನ್ನು ಹಿಡಿಯುತ್ತಿತ್ತು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಇಪ್ಪತ್ತು ಸೆಕೆಂಡು ಆಗಿಹೋಗಿತ್ತು.

ಹಾಕಿ ನೋಡಿದರೆ, ಹಾಡು ಏರುತ್ತಿರುವಾಗಲೇ ಟಕ್ಕೆಂದು ಸಪ್ಪಳ. ಹೊರಗೆ ಮೀನಿನವಳು ಕೂಗುವಳು. ತಾಯಿಯವರ ಸ್ವರ ಕೊಂಕಣಿಯಲ್ಲಿ, “ನಿನ್ನೆಯ ಬಂಗಡೆ ಇದು, ಕಣ್ಣು ಕೆಂಪಾಗಿದೆ, ನೋಡು” ಎನ್ನುವದು. “ಈಗ ದೋಣಿಯಿಂದ ಇಳಿದದ್ದು ಬಾಯೀ, ಕಡಲಾಣೆ!” ಎಂದು ಅವಳ ಉತ್ತರ. ಮತ್ತೆ ಟಕ್, ಏನೂ ಆಗದವರಂತೆ ಅನಂತಸ್ವಾಮಿಯವರು ಹಾಡನ್ನು ಮುಂದುವರಿಸುವರು. ತಂಗಿಯು ಅತ್ತಳು. ತಂದೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಬೇರೆ ಕ್ಯಾಸೆಟ್ಟು ತರುವದಿಲ್ಲ, ಕೆಡಿಸಿದ್ದನ್ನೇ ಕೇಳಿರಿ ಎಂದರು.

ಕಡಲತೀರದ ತೇವದಲ್ಲಿ ಕ್ಯಾಸೆಟ್ಟನ್ನು ಕಾಯುವದು ಸುಲಭವಲ್ಲ. ಆಷಾಢದಲ್ಲಿ ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿಯುವದು. ಉಣ್ಣೆಯ ಚಿಕ್ಕ ಮೆತ್ತೆ ಕಳಚಿ ಬಿದ್ದು ಸ್ವರವು ಮಂಕಾಗುವದು. ತಾಯಿಯವರು ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅಕ್ಕಿಯ ಡಬ್ಬಿಯಲ್ಲಿ ಹುಗಿದಿಡುತ್ತಿದ್ದರು. ನಾವು ತಿಂಗಳಿಗೊಮ್ಮೆ ಪೆನ್ಸಿಲು ತೂರಿಸಿ ತಿರುಗಿಸುತ್ತಿದ್ದೆವು. ಹಾಗೆಂದೇ ಅದು ಉಳಿಯಿತು.

ಅನಂತಸ್ವಾಮಿಯವರು 1995ರಲ್ಲಿ ತೀರಿಕೊಂಡರು. ನಾಡಗೀತೆಗೆ ಅವರ ಧಾಟಿಯನ್ನೇ ಸರಕಾರವು 2022ರಲ್ಲಿ ಗೊತ್ತುಪಡಿಸಿತು. ನಮ್ಮ ತಾಯಿಯವರು 2004ರಲ್ಲಿ ಹೋದರು. ಅವರ ಭಾವಚಿತ್ರಗಳು ಹತ್ತಾರಿವೆ. ಸ್ವರವನ್ನು ಹಿಡಿದಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ಕ್ಯಾಸೆಟ್ಟಿನ ಸುರುಳಿಯು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುವದು. ಇಪ್ಪತ್ತು ಸೆಕೆಂಡೆಂದರೆ ಸುಮಾರು 95 ಸೆಂಟಿಮೀಟರು, ಅಂದರೆ ಎರಡು ಮೊಳ. ಇಷ್ಟೇ ಉಳಿದದ್ದು.

2020ರ ಮೇ 3ರಂದು ನಿಸಾರ್ ಅಹಮದರು ತೀರಿಕೊಂಡ ಸುದ್ದಿ ಬಂದಾಗ ಸಂಚಾರವೆಲ್ಲ ನಿಂತಿತ್ತು. ತಂಗಿಯನ್ನು ಕೊಟ್ಟದ್ದು ಅಂಕೋಲೆಗೆ; ಹತ್ತಿರದ ಊರೇ, ಆದರೂ ಹೋಗುವಂತಿರಲಿಲ್ಲ. ಸಂಜೆ ಅವಳು ಫೋನು ಮಾಡಿ, “ಅಣ್ಣಾ, ಹಾಡು ಇಲ್ಲಿ ಮೊಬೈಲಿನಲ್ಲಿ ಕೇಳಿದೆ. ಚೊಕ್ಕವಾಗಿದೆ. ಆದರೆ ಆ ಜಾಗ ಬಂತೆಂದರೆ ಕಿವಿ ಕಾಯುತ್ತದೆ, ಏನೂ ಬರುವದಿಲ್ಲ. ನಮ್ಮದನ್ನು ಹಾಕು” ಎಂದಳು. ನಾವು ಹಳೆಯ ಯಂತ್ರವನ್ನು ಹೊರತೆಗೆದು ಫೋನನ್ನು ಅದರ ಮುಂದೆ ಹಿಡಿದೆವು. ಟಕ್ಕೆಂದಿತು. ಮೀನಿನವಳು ಕಡಲಿನ ಆಣೆ ಇಟ್ಟಳು. ಆ ಕಡೆಯಿಂದ ತಂಗಿಯು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇನ್ನೊಮ್ಮೆ” ಎಂದಳು.

ಅವಳ ಮಗನು ಈಚೆಗೆ ಅದನ್ನು ಗಣಕಯಂತ್ರಕ್ಕೆ ಇಳಿಸಿಕೊಟ್ಟಿದ್ದಾನೆ. ನಡುವಿನ ಗಲಾಟೆಯನ್ನು ತೆಗೆದು ಹಾಡನ್ನು ಕೂಡಿಸಿಕೊಡಲೇ ಎಂದು ಕೇಳಿದನು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಬೇಡವೆಂದೆವು. ಹಾಗಾದರೆ ಇದಕ್ಕೆ ಏನೆಂದು ಹೆಸರು ಬರೆಯಲಿ, ಮಾವಾ, ಎಂದನು. ನಾವು ಯೋಚಿಸುವಷ್ಟರಲ್ಲಿ ತಂಗಿಯು ಅಡಿಗೆಮನೆಯಿಂದಲೇ, “ಬಂಗಡೆ ಎಂದು ಬರೆ” ಎಂದು ಕೂಗಿದಳು.